ನಕ್ಷೆ ತಂತ್ರಾಂಶ ಕ್ಯೂಜಿಐಎಸ್‌ನಲ್ಲಿ ನೂರಾರು ಶೇಪ್‌ಫೈಲ್‌ಗಳಿಗೆ (ನಕ್ಷೆಯ ಗಡಿ, ಗೆರೆಗಳ ಫೈಲ್) ಪೈಥಾನ್‌ನಿಂದ ಒಂದೇ ಸಿಆರ್‌ಎಸ್ ಸೆಟ್ ಮಾಡುವುದು ಹೇಗೆ?

ಸಿಆರ್‌ಎಸ್ ಅಂದರೆ ಫೈಲ್‌ನ ಅಂಕಿಗಳು ಭೂಮಿಯ ಮೇಲೆ ಯಾವ ಜಾಗ ಅಂತ ಹೇಳುವ ಪದ್ಧತಿ. ಲೂಪ್ ಹಾಕಿ ಎಲ್ಲಾ ಲೇಯರ್‌ಗೂ ಸೆಟ್‌ಸಿಆರ್‌ಎಸ್ ಆದೇಶ ಕೊಟ್ಟರೆ ಮೂರು ಸಾಲಲ್ಲಿ ಕೆಲಸ ಮುಗಿಯುತ್ತದೆ. ನಾನೂ ಹಾಗೇ ಮುಗಿಸಿದ್ದೆ. ದಯವಿಟ್ಟು ಮಾಡಬೇಡಿ.

ನನ್ನ ಹತ್ತಿರ ಇದ್ದದ್ದು ತುಮಕೂರು ಕಡೆಯ ಕೆರೆಗಳ ಗಡಿ. ಹಳೇ ಟೋಪೋಶೀಟ್ ನೋಡಿ ಯಾರೋ ಗೆರೆ ಎಳೆದ ಫೈಲ್‌ಗಳು, ಅರ್ಧಕ್ಕರ್ಧಕ್ಕೆ ಸಿಆರ್‌ಎಸ್ ಬರೆದಿಡುವ ಪಿಆರ್‌ಜೆ ಫೈಲೇ ಇಲ್ಲ. ಈಸ್ಟಿಂಗ್ (ಪೂರ್ವಕ್ಕೆ ಅಳೆದ ಮೀಟರ್) 7 ಲಕ್ಷದ ಆಸುಪಾಸು, ನಾರ್ತಿಂಗ್ (ಉತ್ತರಕ್ಕೆ ಅಳೆದದ್ದು) 14 ಲಕ್ಷದ ಮೇಲೆ. ಭೂಮಿಯನ್ನು ಉದ್ದುದ್ದ ಪಟ್ಟಿಗಳಾಗಿ ಹಂಚುವ ಯುಟಿಎಂನ 43ನೇ ವಲಯ ಅಲ್ವಾ ಅಂತ ಎಲ್ಲಕ್ಕೂ ಅದರ ಇಪಿಎಸ್‌ಜಿ ಸಂಖ್ಯೆ (ಸಿಆರ್‌ಎಸ್‌ಗಳ ಗುರುತಿನ ಸಂಖ್ಯೆ) 32643 ಒತ್ತಿದೆ.

ವಲಯ ಸರಿ, ಡೇಟಮ್ (ಅಳತೆಗೆ ಆಧಾರವಾದ ಭೂಮಿಯ ಮಾದರಿ) ತಪ್ಪು. 32643 ಡಬ್ಲ್ಯೂಜಿಎಸ್ 84ರದ್ದು. ಆ ಹಳೇ ಶೀಟ್‌ಗಳು ಎವರೆಸ್ಟ್ ಎಲಿಪ್ಸಾಯ್ಡ್ ಎಂಬ ಬೇರೆ ಮಾದರಿಯ ಮೇಲಿನವು. ಕೊಡಬೇಕಿದ್ದದ್ದು 24343, ಕಲಿಯಾನ್‌ಪುರ 1975. ಸೆಟ್‌ಸಿಆರ್‌ಎಸ್ ಒಂದು ಅಂಕಿಯನ್ನೂ ಮುಟ್ಟುವುದಿಲ್ಲ, ಡಬ್ಬಿ ಮೇಲಿನ ಚೀಟಿ ಬದಲಿಸುತ್ತದೆ ಅಷ್ಟೇ. ಕೆರೆಗಳೆಲ್ಲ ದಕ್ಷಿಣಕ್ಕೆ ಸುಮಾರು ಕಾಲು ಕಿಲೋಮೀಟರ್ ಜರುಗಿದವು.

ಡಿಗ್ರಿಯಲ್ಲಿರುವ ಲೇಯರ್‌ಗೆ 32643 ಹಾಕಿದ್ದರೆ ಅದು ಮಾಲ್ಡೀವ್ಸ್ ಆಚೆ ಸಮುದ್ರಕ್ಕೆ ಹೋಗಿ ಬೀಳುತ್ತಿತ್ತು, ತಕ್ಷಣ ಗೊತ್ತಾಗುತ್ತಿತ್ತು. ಇಲ್ಲಿ ಎಲ್ಲ ಸರಿ ಇದ್ದ ಹಾಗೇ ಕಂಡಿತು. ವಿಸ್ತೀರ್ಣ ತೆಗೆದು ಹಳೇ ಪಟ್ಟಿಗೆ ಹೋಲಿಸಿದೆ, ತಾಳೆಯಾಯಿತು. ಆಗಲೇಬೇಕು, ಅಂಕಿಗಳೇ ಬದಲಾಗಿಲ್ಲವಲ್ಲ! ಸ್ಯಾಟಲೈಟ್ ಚಿತ್ರದ ಮೇಲೆ ಪ್ರಿಂಟ್ ಹಾಕಿ ಊರಿಗೆ ಒಯ್ದಾಗ ಒಬ್ಬರು ಬೆರಳಿಟ್ಟು, "ಇದು ನಮ್ಮ ಅಡಿಕೆ ತೋಟ ಸಾರ್, ಕೆರೆ ಮೇಲ್ಗಡೆ ಇದೆ" ಅಂದರು. ಅದರ ಮೇಲೆ ಮಾಡಿದ್ದ ಒತ್ತುವರಿ ಲೆಕ್ಕವೆಲ್ಲ ಕಸದ ಬುಟ್ಟಿಗೆ.

ನಿಮ್ಮ ಸ್ಕ್ರಿಪ್ಟ್ ಮೊದಲು ಏನನ್ನೂ ಸೆಟ್ ಮಾಡದಿರಲಿ. ಪ್ರತಿ ಫೈಲ್‌ನ ಹೆಸರು, ಈಗಿರುವ ಸಿಆರ್‌ಎಸ್, ಎಕ್ಸ್‌ಟೆಂಟ್ (ಅಂಕಿಗಳು ಎಲ್ಲಿಂದ ಎಲ್ಲಿಯವರೆಗೆ ಅಂತ) ಸುಮ್ನೆ ಪ್ರಿಂಟ್ ಮಾಡಲಿ. ಸಿಆರ್‌ಎಸ್ ಇಲ್ಲದವುಗಳಲ್ಲಿ ಮೂಲ ಖಚಿತವಾದವಕ್ಕೆ ಮಾತ್ರ ಸೆಟ್‌ಸಿಆರ್‌ಎಸ್. ಆಮೇಲೆ ಅಂಕಿಗಳನ್ನೇ ಲೆಕ್ಕ ಹಾಕಿ ಬದಲಿಸುವ, ಪ್ರೊಸೆಸಿಂಗ್‌ನ ರೀಪ್ರೊಜೆಕ್ಟ್ ಲೇಯರ್ ಓಡಿಸಿ ಹೊಸ ಫೈಲ್‌ಗೆ ಬರೆಯಿರಿ. ಪೈಥಾನ್‌ನ ಜಿಯೋಪಾಂಡಾಸ್ ಲೈಬ್ರರಿ ಬಳಸುತ್ತಿದ್ದರೆ ಚೀಟಿ ಬದಲಿಸುವ ಸೆಟ್ ಸಿಆರ್‌ಎಸ್ ಬೇರೆ, ಅಂಕಿ ಬದಲಿಸುವ ಟು ಸಿಆರ್‌ಎಸ್ ಬೇರೆ. ಮೊದಲೇ ಬೇರೆ ಸಿಆರ್‌ಎಸ್ ಇದ್ದರೆ ಸೆಟ್ ಎರರ್ ಕೊಡುತ್ತದೆ. ಅಲೋ ಓವರ್‌ರೈಡ್ ಹಾಕಿ ಅದರ ಬಾಯಿ ಮುಚ್ಚಿಸಬೇಡಿ.

ಎಲ್ಲಕ್ಕೂ ಒಂದೇ ಸಿಆರ್‌ಎಸ್ ಅನ್ನುವ ಹಟವೂ ಬೇಡ. ನಿಮ್ಮ ಪಟ್ಟಿಯಲ್ಲಿ ಕೋಲಾರವೂ ಇದೆ ಅಂದುಕೊಳ್ಳಿ. ಕೋಲಾರ ಪಟ್ಟಣವೇ 78 ಡಿಗ್ರಿ ರೇಖಾಂಶ ದಾಟಿದೆ. ಅದು 44ನೇ ವಲಯ, 32644. ಬರೀ ನೋಡುವುದಕ್ಕಾದರೆ, ಪ್ರತಿ ಲೇಯರ್‌ನ ಸಿಆರ್‌ಎಸ್ ಸರಿ ಇದ್ದರೆ ಸಾಕು, ಕ್ಯೂಜಿಐಎಸ್ ತಾನೇ ಹೊಂದಿಸಿಕೊಳ್ಳುತ್ತದೆ. ಸಿಆರ್‌ಎಸ್ ಇಲ್ಲದ ಲೇಯರ್ ಪಕ್ಕ ಪ್ರಶ್ನೆ ಚಿಹ್ನೆ ಬರುತ್ತದೆ. ಮೂಲ ಶೀಟ್ ಕೈಗೆ ಸಿಗುವ ತನಕ ಅದು ಹಾಗೇ ಇರಲಿ ಬಿಡಿ.