ಭೋಪಾಲ್ ಅನಿಲ ದುರಂತವನ್ನು ಪ್ರತಿ ಡಿಸೆಂಬರ್‌ನಲ್ಲಿ ಸ್ಮರಿಸುತ್ತೇವೆ. ಇದರಿಂದ ಕಂಪನಿಗಳ ಹೊಣೆಗಾರಿಕೆ ಹೆಚ್ಚಿದೆಯೇ?

ತೀರಾ ಕಡಿಮೆ. ಮೇಣದಬತ್ತಿ ಹಚ್ಚುವವರಲ್ಲಿ ಎಷ್ಟು ಜನಕ್ಕೆ ಆ ರಾತ್ರಿ ಕಾರ್ಖಾನೆಯಲ್ಲಿ ಏನೇನು ಬಂದ್ ಆಗಿತ್ತು ಅಂತ ಗೊತ್ತು? ಕೊರತೆ ಇರುವುದು ಅಲ್ಲೇ ಅನ್ನಿಸುತ್ತದೆ.

1984ರ ಡಿಸೆಂಬರ್ 2ರ ರಾತ್ರಿ ಯೂನಿಯನ್ ಕಾರ್ಬೈಡ್ ಕಂಪನಿಯ ಭೋಪಾಲ್ ಕಾರ್ಖಾನೆಯ ಇ-610 ಟ್ಯಾಂಕಿನಲ್ಲಿ ಸುಮಾರು 40 ಟನ್ ಮೀಥೈಲ್ ಐಸೋಸಯನೇಟ್ ಎಂಬ ವಿಷಕಾರಿ ರಾಸಾಯನಿಕ ಇತ್ತು. ನೀರು ಸೇರಿದರೆ ಅದು ತಾನಾಗಿಯೇ ಕಾದು ಕುದಿಯುತ್ತದೆ, ಹಾಗಾಗಿ 0 ಡಿಗ್ರಿಯ ಆಸುಪಾಸಿನಲ್ಲಿ ತಂಪಾಗಿಡಬೇಕು. ಆ ರಾತ್ರಿ ಟ್ಯಾಂಕಿಗೆ ನೀರು ಸೇರಿ ಅನಿಲ ಹೊರಬಿತ್ತು. ತಂಪು ಮಾಡುವ ಘಟಕವನ್ನು ಜೂನ್‌ನಲ್ಲೇ ನಿಲ್ಲಿಸಿದ್ದರು. ಹೊರಬರುವ ಅನಿಲವನ್ನು ಕಾಸ್ಟಿಕ್ ಸೋಡಾದಲ್ಲಿ ತೊಳೆಯುವ ಸ್ಕ್ರಬ್ಬರ್ ಸ್ಟ್ಯಾಂಡ್‌ಬೈನಲ್ಲಿತ್ತು. ಮಿಕ್ಕಿದ್ದನ್ನು ಸುಡಬೇಕಾದ ಫ್ಲೇರ್ ಟವರಿನ ಪೈಪು ತುಕ್ಕು ಹಿಡಿದಿತ್ತು, ಅದರ ಒಂದು ತುಂಡನ್ನು ಕಳಚಿಟ್ಟಿದ್ದರು. ನೀರಿನ ಜೆಟ್‌ಗಳು ಅನಿಲ ಹೊರಬೀಳುವ ಎತ್ತರ ಮುಟ್ಟಲಿಲ್ಲ. ಸಿಟ್ಟಾದ ಕೆಲಸಗಾರನೊಬ್ಬ ಬೇಕಂತಲೇ ನೀರು ಬಿಟ್ಟ ಅನ್ನುವುದು ಕಂಪನಿಯ ವಾದ. ಆಗಲಿ, ಒಪ್ಪಿಕೊಳ್ಳೋಣ. ಸ್ಕ್ರಬ್ಬರನ್ನೂ ಫ್ಲೇರನ್ನೂ ನಿಲ್ಲಿಸಿದ್ದು ಅವನಲ್ಲವಲ್ಲ!

ಹೊಣೆ ಜಾರಿದ್ದು ಕೋರ್ಟಿನಲ್ಲಿ, ಷೇರು ವರ್ಗಾವಣೆಯಲ್ಲಿ. ಭಾರತದ ಕಂಪನಿಯಲ್ಲಿ ಅಮೆರಿಕದ ಮಾತೃಸಂಸ್ಥೆಯ ಪಾಲು ಶೇ. 50.9. ಸಂತ್ರಸ್ತರ ಪರವಾಗಿ ದಾವೆ ಹೂಡುವ ಹಕ್ಕನ್ನು 1985ರ ಕಾಯ್ದೆಯಿಂದ ಕೇಂದ್ರ ಸರ್ಕಾರವೇ ವಹಿಸಿಕೊಂಡಿತು. ಕೇಳಿದ್ದು 330 ಕೋಟಿ ಡಾಲರ್, 1989ರ ಫೆಬ್ರವರಿಯಲ್ಲಿ ರಾಜಿಯಾಗಿದ್ದು 47 ಕೋಟಿಗೆ. 1994ರಲ್ಲಿ ಮಾತೃಸಂಸ್ಥೆ ತನ್ನ ಷೇರು ಮಾರಿತು. 2001ರಲ್ಲಿ ಆ ಸಂಸ್ಥೆಯನ್ನೇ ಡೌ ಕೆಮಿಕಲ್ ಎಂಬ ಅಮೆರಿಕದ ಕಂಪನಿ ಕೊಂಡುಕೊಂಡಿತು. ಡೌ ಇವತ್ತಿಗೂ ಹೇಳುವುದು ಒಂದೇ: ಆ ಕಾರ್ಖಾನೆ ನಮ್ಮದಾಗಿರಲೇ ಇಲ್ಲ. ಯೂನಿಯನ್ ಕಾರ್ಬೈಡ್‌ನ ಆಗಿನ ಅಧ್ಯಕ್ಷ ವಾರೆನ್ ಆಂಡರ್ಸನ್ ಬಂಧನವಾದ ದಿನವೇ ಜಾಮೀನು ಪಡೆದು ಹೋದವರು ವಿಚಾರಣೆಗೆ ಮರಳಲಿಲ್ಲ. 2010ರಲ್ಲಿ ಭಾರತದ ಕಂಪನಿಯ ಅಧಿಕಾರಿಗಳಿಗೆ ಸಿಕ್ಕಿದ್ದು 2 ವರ್ಷದ ಸಜೆ, ಅದೂ ನಿರ್ಲಕ್ಷ್ಯದಿಂದ ಸಾವಿಗೆ ಕಾರಣವಾದ ಕಲಮಿನಡಿ.

ಸರ್ಕಾರವನ್ನೂ ಬಿಡುವಂತಿಲ್ಲ. ಹೆಚ್ಚುವರಿ ಪರಿಹಾರದ ಅರ್ಜಿಯನ್ನು 2023ರ ಮಾರ್ಚ್‌ನಲ್ಲಿ ವಜಾ ಮಾಡುವಾಗ, ಸಂತ್ರಸ್ತರಿಗೆ ವಿಮೆ ಮಾಡಿಸದೇ ಹೋದದ್ದು ಕೇಂದ್ರದ ಘೋರ ನಿರ್ಲಕ್ಷ್ಯ ಎಂದಿತು ಸುಪ್ರೀಂ ಕೋರ್ಟ್. ಕಾರ್ಖಾನೆಯ ಆವರಣದಲ್ಲಿದ್ದ 337 ಟನ್ ವಿಷತ್ಯಾಜ್ಯ ಸುಡುವುದಕ್ಕೆಂದು ಮಧ್ಯಪ್ರದೇಶದ್ದೇ ಆದ ಪೀಥಂಪುರಕ್ಕೆ ಹೊರಟಿದ್ದು 2025ರ ಜನವರಿಯಲ್ಲಿ. ಮಣ್ಣಿಗೆ, ಅಂತರ್ಜಲಕ್ಕೆ ಇಳಿದದ್ದು ಅಲ್ಲೇ ಇದೆ. ಸಂತ್ರಸ್ತರೇ ಸೇರಿ 2014ರಲ್ಲಿ ತೆರೆದ ಮ್ಯೂಸಿಯಂ ಸರ್ಕಾರದಿಂದಲೂ ಕಂಪನಿಗಳಿಂದಲೂ ದುಡ್ಡು ಮುಟ್ಟುವುದಿಲ್ಲ. ಸ್ಮಾರಕಗಳಲ್ಲಿ ನನಗೆ ನಂಬಿಕೆ ಹುಟ್ಟಿಸುವುದು ಆ ಬಗೆಯದು.

ನಿಮ್ಮೂರಲ್ಲಿ ಏನಾದರೂ ಮಾಡಬೇಕೆಂದಿದ್ದರೆ ಡಿಸೆಂಬರ್ 3ಕ್ಕೆ ಒಂದು ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಹಾಕಿ. 1989ರ ಅಪಾಯಕಾರಿ ರಾಸಾಯನಿಕ ನಿಯಮಗಳ ಪ್ರಕಾರ ದೊಡ್ಡ ಪ್ರಮಾಣದಲ್ಲಿ ಇಂಥದ್ದನ್ನು ಇಟ್ಟುಕೊಂಡಿರುವ ಘಟಕಗಳಿಗೆ ಆಫ್‌ಸೈಟ್ ತುರ್ತು ಯೋಜನೆ, ಅಂದರೆ ಅಪಾಯ ಆವರಣದಾಚೆ ಹರಡಿದರೆ ಏನು ಮಾಡಬೇಕೆಂಬ ಯೋಜನೆ, ಇರಬೇಕು, ವರ್ಷಕ್ಕೊಮ್ಮೆಯಾದರೂ ಅದರ ತಾಲೀಮು ನಡೆಯಬೇಕು. ಡಿಸಿ ಕಚೇರಿಗೆ ಕೇಳಿ: ಯೋಜನೆಯ ಪ್ರತಿ, ಕೊನೆಯ ತಾಲೀಮಿನ ದಿನಾಂಕ, ಅದರಲ್ಲಿ ಕಂಡ ಲೋಪಗಳ ವರದಿ. ಕರ್ನಾಟಕದಲ್ಲಿ ಶುಲ್ಕ 10 ರೂಪಾಯಿ. ಅರ್ಜಿಯಲ್ಲಿ ಒಂದೇ ವಿಷಯವಿರಲಿ, 150 ಪದ ಮೀರದಿರಲಿ. ಇಲ್ಲದಿದ್ದರೆ ಅದೇ ನೆಪದಲ್ಲಿ ವಾಪಸ್ ಬರುತ್ತದೆ. 30 ದಿನದಲ್ಲಿ ಉತ್ತರ ಬರದಿದ್ದರೆ ಮೊದಲ ಮೇಲ್ಮನವಿ ಹಾಕಿ.