ಓದುಗರ ಪ್ರಶ್ನೆ: ಚೆನ್ನಮ್ಮನ ಹಾದಿಯಲ್ಲಿ ನಾಲ್ಕು ದಿನದ ಸೈಕಲ್ ಪಯಣ

ಪ್ರಶ್ನೆ: ಡಿಸೆಂಬರ್ ಕೊನೆಯಲ್ಲಿ ನಾವು 16 ಮಂದಿ ಕಿತ್ತೂರು ಚೆನ್ನಮ್ಮನ ಊರುಗಳನ್ನು ಸೈಕಲ್ ಮೇಲೆ ನೋಡಿಬರಬೇಕೆಂದಿದ್ದೇವೆ. ಕಿತ್ತೂರು ನಮಗೆ ಹತ್ತಿರ. ಅಲ್ಲಿಂದಲೇ ಹೊರಡಬಹುದೆ? (ಓದುಗರು, ಧಾರವಾಡ)

ಉತ್ತರ: ಬೇಡ, ಕಾಕತಿಯಿಂದ ಹೊರಡಿ. ಚೆನ್ನಮ್ಮ ಹುಟ್ಟಿದ್ದು ಬೆಳಗಾವಿಗೆ ಅಂಟಿಕೊಂಡಂತಿರುವ ಆ ಊರಿನಲ್ಲಿ. ಹಿಂದಿನ ಸಂಜೆಯೇ ಸೈಕಲ್‌ಗಳನ್ನು ಟೆಂಪೊಗೆ ಹಾಕಿ ಬೆಳಗಾವಿ ಸೇರಿಕೊಳ್ಳಿ. ಮೊದಲ ದಿನ ಹಿರೇಬಾಗೇವಾಡಿ, ಎಂ.ಕೆ. ಹುಬ್ಬಳ್ಳಿ ದಾಟಿ ಕಿತ್ತೂರಿಗೆ ಸುಮಾರು 55 ಕಿ.ಮೀ. ಹೆದ್ದಾರಿಯಲ್ಲಿ ಸರ್ವಿಸ್ ರಸ್ತೆ ಸಿಕ್ಕಲ್ಲೆಲ್ಲ ಅದನ್ನೇ ಹಿಡಿಯಿರಿ.

ಎರಡನೇ ದಿನ ಬೆಳಗ್ಗೆ ಮೂರು ತಾಸು ಕೋಟೆಗೇ ಇಡಿ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಮೇಲೆ ದಂಡೆತ್ತಿ ಬಂದ ಧಾರವಾಡದ ಬ್ರಿಟಿಷ್ ಕಲೆಕ್ಟರ್ ಥ್ಯಾಕರೆ ಸತ್ತದ್ದು ಇಲ್ಲಿ. ಡಿಸೆಂಬರ್‌ನಲ್ಲಿ ದೊಡ್ಡ ಸೈನ್ಯದೊಂದಿಗೆ ಮರಳಿದ ಬ್ರಿಟಿಷರು ಕೋಟೆ ಹಿಡಿದರು. ಅಲ್ಲಿಂದ ರಾಯಣ್ಣನ ಸಂಗೊಳ್ಳಿ, ಸಂಜೆಗೆ ಬೈಲಹೊಂಗಲ. ರಾಣಿ ಸೆರೆಯಲ್ಲಿದ್ದು 1829ರಲ್ಲಿ ತೀರಿಕೊಂಡ ಊರದು. ಸಮಾಧಿಯನ್ನು ಮರುದಿನ ಬೆಳಗ್ಗೆ ನೋಡಿ, ಪಶ್ಚಿಮಕ್ಕೆ ತಿರುಗಿ ಕಿತ್ತೂರು, ಬೀಡಿ ಮೇಲೆ ನಂದಗಡಕ್ಕೆ ಬನ್ನಿ. ಚಳಿಗಾಲದಲ್ಲಿ ಈ ಭಾಗದಲ್ಲಿ ಮೂಡಣ ಗಾಳಿ ಹೆಚ್ಚು, ಅಂದಿನ ಉದ್ದದ ದಾರಿಗೆ ಅದು ಬೆನ್ನಿಗಿರುತ್ತದೆ. ನಂದಗಡದಲ್ಲಿ ರಾಯಣ್ಣನನ್ನು ಗಲ್ಲಿಗೇರಿಸಿದ್ದು 1831ರಲ್ಲಿ, ರಾಣಿ ತೀರಿಕೊಂಡ ಎರಡು ವರ್ಷದ ಮೇಲೆ. ಹಾಗಾಗಿ ಅದು ಕೊನೆಗೇ ಬರಬೇಕು. ನಾಲ್ಕನೇ ದಿನ ಖಾನಾಪುರದ ಮೇಲೆ ಬೆಳಗಾವಿ. ಚಿಕ್ಕ ಊರುಗಳಲ್ಲಿ 16 ಮಂದಿಗೆ ಒಮ್ಮೆಲೇ ಮಲಗುವ ಜಾಗ ಸಿಗುವುದಿಲ್ಲ. ಕಲ್ಯಾಣ ಮಂಟಪವನ್ನೋ ಶಾಲೆಯನ್ನೋ ಮೊದಲೇ ಕೇಳಿಟ್ಟುಕೊಳ್ಳಿ.

ಪ್ರಶ್ನೆ: ಹೊಲದ ದಾರಿಗಳಲ್ಲಿ ಪದೇ ಪದೇ ಪಂಕ್ಚರ್ ಆಗುತ್ತದೆ ಎನ್ನುತ್ತಾರೆ. ಏನೇನು ಒಯ್ಯಬೇಕು? (ಓದುಗರು, ಗದಗ)

ಉತ್ತರ: ಜಾಲಿ ಮುಳ್ಳಿನ ಕಾಟ ಅದು. ಟ್ಯೂಬ್ ಬದಲಿಸಿದ ಐದೇ ನಿಮಿಷಕ್ಕೆ ಮತ್ತೆ ಗಾಳಿ ಹೋದರೆ, ಮುರಿದ ಮುಳ್ಳಿನ ತುದಿ ಟೈರಿನೊಳಗೇ ಉಳಿದಿದೆ ಎಂದೇ ತಿಳಿಯಿರಿ. ಹೊಸ ಟ್ಯೂಬ್ ಹಾಕುವ ಮೊದಲು ಟೈರಿನ ಒಳಮೈಗೆ ಹತ್ತಿ ಬಟ್ಟೆ ಸವರಿ. ಬಟ್ಟೆಯ ಎಳೆ ಸಿಕ್ಕಿಕೊಂಡಲ್ಲಿ ಮುಳ್ಳಿರುತ್ತದೆ. ಇಕ್ಕಳದಿಂದ ಎಳೆಯಿರಿ. ತಲೆಗೆ ಎರಡು ಟ್ಯೂಬ್, ತಂಡಕ್ಕೆ ಎರಡು ಪಂಪ್, ಮೂರು ಪ್ಯಾಚ್ ಡಬ್ಬಿ ಇರಲಿ. ಗಾಳಿಯ ಒತ್ತಡ 700×35 ಅಳತೆಯ ಟೈರಿಗೆ 60, 26×1.95ಕ್ಕೆ 40 ಪಿಎಸ್‌ಐ ಸುಮಾರು ಸಾಕು.

ಹಳ್ಳಿಯ ಸೈಕಲ್ ಅಂಗಡಿಯ ಪಂಪ್ ಸಣ್ಣ ಕತ್ತಿನ ಪ್ರೆಸ್ಟಾ ವಾಲ್ವ್‌ಗೆ ಕೂರುವುದಿಲ್ಲ. ಅಂಥ ಟ್ಯೂಬ್ ಇದ್ದವರು ಹಿತ್ತಾಳೆಯ ಅಡಾಪ್ಟರ್ ತಂದಿರಲೇಬೇಕು. ಗೇರ್ ಸೈಕಲ್‌ನ ಹಿಂದಿನ ಹ್ಯಾಂಗರ್ (ಗೇರ್ ಬದಲಿಸುವ ಸಾಧನವನ್ನು ಫ್ರೇಮಿಗೆ ಹಿಡಿದಿಡುವ ತುಂಡು) ಒಂದೊಂದು ಮಾಡೆಲ್‌ಗೆ ಒಂದೊಂದು ಬಗೆ. ಮುರಿದರೆ ಬೈಲಹೊಂಗಲದಲ್ಲಿ ಸಿಕ್ಕೀತೆಂದು ನೆಚ್ಚಬೇಡಿ, ಮನೆಯಿಂದಲೇ ಒಂದು ಒಯ್ಯಿರಿ.

ಪ್ರಶ್ನೆ: ಕಬ್ಬಿನ ಸೀಸನ್‌ನಲ್ಲಿ ರಸ್ತೆ ಹೇಗಿರುತ್ತದೆ? (ಓದುಗರು, ಹಾವೇರಿ)

ಉತ್ತರ: ಎಚ್ಚರ ಬೇಕಾದ್ದೇ ಇಲ್ಲಿ. ಎಂ.ಕೆ. ಹುಬ್ಬಳ್ಳಿಯಲ್ಲಿ ಸಕ್ಕರೆ ಕಾರ್ಖಾನೆಯೇ ಇದೆ. ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್ ತಿರುವಿನಲ್ಲಿ ಒಳಕ್ಕೆ ಬರುತ್ತದೆ, ಹಿಂದಿನ ಟ್ರೇಲರ್ ಇನ್ನೂ ಒಳಕ್ಕೆ. ತಿರುವಿನಲ್ಲಿ ಎಂದೂ ಅದರ ಪಕ್ಕಕ್ಕೆ ಹೋಗಬೇಡಿ. ಹೊಲದಿಂದ ಹೊರಬರುವ ಗಾಲಿಗಳು ಡಾಂಬರಿನ ಮೇಲೆ ಎರೆಮಣ್ಣು ಬಿಟ್ಟಿರುತ್ತವೆ. ಬೆಳಗಿನ ಇಬ್ಬನಿಗೆ ಅದು ಸೋಪಿನಂತೆ ಜಾರುತ್ತದೆ. ಅದರ ಮೇಲೆ ಬ್ರೇಕ್ ಹಿಡಿಯದೆ ನೇರ ಸಾಗಿ. ಮಣ್ಣು ಮಡ್‌ಗಾರ್ಡ್‌ಗೆ ತುಂಬಿ ಗಾಲಿ ಬಿಗಿದರೆ ತಳ್ಳಬೇಡಿ, ಕಂಬಿ ಬಾಗುತ್ತದೆ. ಕಡ್ಡಿಯಿಂದ ಕೆರೆದು ತೆಗೆಯಿರಿ. ಎಂಟೆಂಟು ಮಂದಿಯ ಎರಡು ಗುಂಪಾಗಿ, ಒಬ್ಬರ ಹಿಂದೊಬ್ಬರು ಸಾಗಿ. ಗುಂಪಿನ ಕೊನೆಗೆ ಅನುಭವಿಯೊಬ್ಬರು ಇರಲಿ. ಕತ್ತಲಾಗುವ ಒಂದು ತಾಸು ಮೊದಲೇ ಊರು ಸೇರಿ.

ಪ್ರಶ್ನೆ: ಗೇರ್ ಇಲ್ಲದ ಸೈಕಲ್ ನಡೆಯುತ್ತದೆಯೆ? (ಓದುಗರು, ಬೆಳಗಾವಿ)

ಉತ್ತರ: ನಡೆಯುತ್ತದೆ. ಸೀಟು ಮಾತ್ರ ತಗ್ಗಿಸಿ ಇಟ್ಟುಕೊಳ್ಳಬೇಡಿ, ಎರಡನೇ ದಿನಕ್ಕೇ ಮೊಣಕಾಲು ಹಿಡಿಯುತ್ತದೆ. ಪೆಡಲ್ ಕೆಳಗಿದ್ದಾಗ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು. ಅಷ್ಟು ಎತ್ತರ ಸರಿ.