ನೆಗಡಿಗೆ ಆಂಟಿಬಯೋಟಿಕ್ ಬೇಡ ಎಂದು ಗೊತ್ತಿದ್ದೂ ಕೆಲವು ಡಾಕ್ಟರ್‌ಗಳು ಬರೆದುಕೊಡುತ್ತಾರಲ್ಲ, ಈ ಅಭ್ಯಾಸ ಬದಲಿಸುವುದು ಹೇಗೆ?

ಇನ್ನೊಂದು ಉಪನ್ಯಾಸ, ಇನ್ನೊಂದು ಮಾರ್ಗಸೂಚಿಯಿಂದ ಆಗುವುದು ಅಷ್ಟಕ್ಕಷ್ಟೆ. ಅವರ ಚೀಟಿಗಳ ಲೆಕ್ಕವನ್ನು ಅಕ್ಕಪಕ್ಕದ ಡಾಕ್ಟರ್‌ಗಳ ಲೆಕ್ಕದ ಜೊತೆ ಇಟ್ಟು ತೋರಿಸಿದರೆ ಅಭ್ಯಾಸ ಸ್ವಲ್ಪವಾದರೂ ಕದಲುತ್ತದೆ.

ನೆಗಡಿ ಬರುವುದು ವೈರಸ್‌ನಿಂದ, ಆಂಟಿಬಯೋಟಿಕ್ ನಾಟುವುದು ಬ್ಯಾಕ್ಟೀರಿಯಾಕ್ಕೆ. ಇದು ಯಾವ ಡಾಕ್ಟರಿಗೂ ಹೊಸದಲ್ಲ. ಆದರೆ ಎದುರಿಗೆ ಕೆಮ್ಮುತ್ತಾ ಕೂತ ರೋಗಿ, ಬಾಗಿಲಾಚೆ ಸಾಲು, ‘ನ್ಯುಮೋನಿಯಾಕ್ಕೆ ತಿರುಗಿದರೆ?’ ಎಂಬ ಅಳುಕು. ಬೇಡ ಎಂದು ವಿವರಿಸುವುದಕ್ಕಿಂತ ಬರೆದುಕೊಡುವುದೇ ಬೇಗ. ಮೇಲಾಗಿ, ತಾನು ಉಳಿದವರಿಗಿಂತ ಹೆಚ್ಚು ಬರೆಯುತ್ತಿದ್ದೇನೆ ಎಂದು ಅವರಿಗೆ ತಿಳಿಯುವ ದಾರಿಯೇ ಇರುವುದಿಲ್ಲ. ಎಲ್ಲರೂ ತನ್ನಂತೆಯೇ ಅಂದುಕೊಂಡಿರುತ್ತಾರೆ.

2014ರಲ್ಲಿ ಇಂಗ್ಲೆಂಡಿನಲ್ಲಿ ಈ ಭ್ರಮೆಗೇ ಕೈಹಾಕಿದರು. ತಮ್ಮ ಪ್ರದೇಶದಲ್ಲಿ ಅತಿ ಹೆಚ್ಚು ಆಂಟಿಬಯೋಟಿಕ್ ಬರೆಯುವ ಶೇ 20ರೊಳಗೆ ಬರುವ ಸುಮಾರು 1,600 ಕ್ಲಿನಿಕ್‌ಗಳನ್ನು ಹೆಕ್ಕಿ, ಲಾಟರಿ ಎತ್ತಿದ ಹಾಗೆ ಎರಡು ಪಾಲು ಮಾಡಿ, ಒಂದು ಪಾಲಿಗೆ ಮಾತ್ರ ಪತ್ರ ಕಳಿಸಿದರು. ಸಾರಾಂಶ ಇಷ್ಟೇ: ನಿಮ್ಮ ಪ್ರದೇಶದ ಶೇ 80ರಷ್ಟು ಕ್ಲಿನಿಕ್‌ಗಳು ನಿಮಗಿಂತ ಕಡಿಮೆ ಬರೆಯುತ್ತಿವೆ. ಕೆಳಗೆ ದೇಶದ ಮುಖ್ಯ ವೈದ್ಯಾಧಿಕಾರಿಯ ಸಹಿ. ದಂಡವಿಲ್ಲ, ಬೆದರಿಕೆಯಿಲ್ಲ. ಆರು ತಿಂಗಳಲ್ಲಿ ಪತ್ರ ಬಂದವರ ಆಂಟಿಬಯೋಟಿಕ್ ಪ್ರಮಾಣ ಉಳಿದವರಿಗಿಂತ ಶೇ 3.3 ಇಳಿಯಿತು, ಅಂದರೆ ಅಂದಾಜು 73,000 ಚೀಟಿ ಕಡಿಮೆ. ಸಣ್ಣದೆನಿಸಬಹುದು, ಆದರೆ ಅಂಚೆ ಖರ್ಚಿಗೆ ಇದು ದೊಡ್ಡ ಫಲವೇ. ಅದೇ ಪ್ರಯೋಗದಲ್ಲಿ ರೋಗಿಗಳಿಗೆಂದು ಕ್ಲಿನಿಕ್‌ಗಳಿಗೆ ಕೊಟ್ಟ ಕರಪತ್ರ, ಪೋಸ್ಟರ್‌ಗಳಿಂದ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ.

ಒಂದು ಷರತ್ತಿದೆ. ಯಾರು ಎಷ್ಟು ಬರೆದರು ಎಂಬ ಲೆಕ್ಕ ಒಂದೇ ಕಡೆ ಸೇರುವ ವ್ಯವಸ್ಥೆ ಇರಬೇಕು. ಕೈಬರಹದ ಚೀಟಿ ರೋಗಿಯ ಜೇಬಿನಲ್ಲೇ ಮನೆಗೆ ಹೋಗುವ ಕಡೆ ಇಂಥ ಪತ್ರ ಬರೆಯಲು ಅಂಕಿಯೇ ಸಿಗುವುದಿಲ್ಲ.